ರಸ್ತೆ ಅಪಘಾತ ಪರಿಹಾರದ ಕೇಸು: ನಾವು ದಾಟಿ ಬಂದ ದಾರಿ

ನಮ್ಮ ಮನೆಯವರು 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪರಿಹಾರದ ಕೇಸು ಈಗ ಮುಗಿದಿದೆ, ಹಣವೂ ಬಂದಿದೆ. ಕೋರ್ಟಿನಲ್ಲಿ ಇದನ್ನು ಎಂವಿಸಿ ಕೇಸು ಅನ್ನುತ್ತಾರೆ. ಕೋರ್ಟಿನ ವರಾಂಡದಲ್ಲಿ ನನ್ನ ಹಾಗೆಯೇ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ಕೂತಿದ್ದ ಎಷ್ಟೋ ಹೆಂಗಸರನ್ನು ನೋಡಿದ್ದೇನೆ. ಕೇಸು ಎಲ್ಲಿಗೆ ಬಂತು, ಎಷ್ಟು ಬರಬಹುದು ಅಂತ ಕೇಳಿದರೆ ಹೆಚ್ಚಿನವರು "ಲಾಯರ್ರಿಗೆ ಗೊತ್ತು" ಅನ್ನುತ್ತಿದ್ದರು. ಈ ಹಣಕ್ಕೆ ಒಂದು ಲೆಕ್ಕ ಇದೆ. ಹೈಸ್ಕೂಲು ಓದಿದ ಯಾರಿಗಾದರೂ ಅದು ಅರ್ಥವಾಗುತ್ತದೆ. ಲೆಕ್ಕ ಗೊತ್ತಿದ್ದರೆ ಯಾವ ಕಾಗದ ಯಾಕೆ ಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿ ಮುಚ್ಚಿ ಬೈಕಿನಲ್ಲಿ ಮನೆಗೆ ಬರುತ್ತಿದ್ದರು. ಎದುರಿನಿಂದ ಬಂದ ಸರಕು ಸಾಗಿಸುವ ಸಣ್ಣ ಲಾರಿ ಇನ್ನೊಂದು ಗಾಡಿಯನ್ನು ಹಿಂದೆ ಹಾಕಲು ಹೋಗಿ ಇವರ ಕಡೆಗೇ ನುಗ್ಗಿತು. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಅವರಿಗೆ 38 ವರ್ಷ.

ಮಾರನೇ ದಿನ ಪೋಸ್ಟ್‌ಮಾರ್ಟಂ ಇನ್ನೂ ನಡೆಯುತ್ತಿತ್ತು. ಶವಾಗಾರದ ಹೊರಗೆ ನಮ್ಮ ಮೈದುನನ ಹತ್ತಿರ ಒಬ್ಬರು ಬಂದು, "ಎಲ್ಲಾ ನಾವೇ ನೋಡ್ಕೋತೀವಿ, ಅತ್ತಿಗೆಯವರ ಹತ್ತಿರ ನಾಲ್ಕು ಸಹಿ ಹಾಕಿಸಿ ಕೊಡಿ ಸಾಕು" ಅಂದರಂತೆ. ಅವರು ಚಾಚಿದ್ದು ಖಾಲಿ ವಕಾಲತ್ತು (ವಕೀಲರಿಗೆ ಕೇಸು ಒಪ್ಪಿಸುವ ಪತ್ರ), ಖಾಲಿ ಹಾಳೆಗಳು. ಮೈದುನ ಕೊಡಲಿಲ್ಲ. ಆ ದಿನ ಯಾರೇ ಬಂದು ಸಹಿ ಕೇಳಿದರೂ ಹಾಕಬೇಡಿ. ಪರಿಹಾರದ ಅರ್ಜಿಗೆ ಆ ದಿನದ ಅವಸರ ಇಲ್ಲವೇ ಇಲ್ಲ.

ಅವಸರ ಇರುವುದು ಎಫ್‌ಐಆರ್‌ಗೆ. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಲಾರಿಯ ನಂಬರ್ ನೋಡಿಕೊಂಡು ಅದೇ ರಾತ್ರಿ ದೂರು ಕೊಟ್ಟಿದ್ದ. ನಮ್ಮ ಕೇಸು ನಿಂತದ್ದೇ ಅದರ ಮೇಲೆ. ದೂರು ತಡವಾದರೆ, ಅಥವಾ ಗಾಡಿ ನಂಬರ್ ಎಷ್ಟೋ ದಿನದ ಮೇಲೆ ಕಾಣಿಸಿಕೊಂಡರೆ, "ಈ ಗಾಡಿಯನ್ನು ಆಮೇಲೆ ತಂದು ಸೇರಿಸಿದ್ದಾರೆ" ಅಂತ ಪರಿಹಾರ ಕಟ್ಟಬೇಕಾದ, ಆ ಗಾಡಿಯ ವಿಮಾ ಕಂಪನಿಯವರು ವಾದ ಮಾಡುತ್ತಾರೆ. ನಮ್ಮ ಎಫ್‌ಐಆರ್‌ನಲ್ಲಿ ಐಪಿಸಿ 279 (ಅಜಾಗರೂಕ ಚಾಲನೆ) ಮತ್ತು 304-ಎ (ಅಜಾಗರೂಕತೆಯಿಂದ ಸಾವು) ಇದ್ದವು. 2024ರ ಜುಲೈ 1ರ ನಂತರದ ಅಪಘಾತವಾದರೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106 ಇರುತ್ತವೆ. ಡಿಕ್ಕಿ ಹೊಡೆದ ಗಾಡಿ ಯಾವುದು ಅಂತ ಕೊನೆಗೂ ಗೊತ್ತಾಗದಿದ್ದರೆ ದಾರಿಯೇ ಬೇರೆ. ಅದಕ್ಕೆ ಸರ್ಕಾರದ ಹಿಟ್ ಅಂಡ್ ರನ್ ಯೋಜನೆ ಇದೆ. 2022ರ ಏಪ್ರಿಲ್‌ನಿಂದ ಅದರಲ್ಲಿ ಸಾವಿಗೆ 2 ಲಕ್ಷ ರೂಪಾಯಿ ಕೊಡುತ್ತಾರೆ.

ಆಮೇಲೆ ಪೊಲೀಸ್ ಕಾಗದಗಳಿಗೆ ಕಾಯುವುದು ಶುರುವಾಯಿತು. ನಿಮಗೆ ಬೇಕಾಗುವುದು ಇಷ್ಟು: ದೂರು, ಎಫ್‌ಐಆರ್, ಸ್ಥಳ ಮಹಜರು ಮತ್ತು ಅದರ ನಕ್ಷೆ, ಶವ ಮಹಜರು, ಪೋಸ್ಟ್‌ಮಾರ್ಟಂ ವರದಿ, ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ಕೊಟ್ಟ ಐಎಂವಿ ವರದಿ, ಕೊನೆಯಲ್ಲಿ ಆರೋಪ ಪಟ್ಟಿ. ಜೊತೆಗೆ ಲಾರಿಯ ಆರ್‌ಸಿ, ವಿಮೆ, ಚಾಲಕನ ಡಿಎಲ್ ಪ್ರತಿಗಳು. ಈಗಿನ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ಈ ಕೇಸುಗಳನ್ನು ನಡೆಸುವ ಕೋರ್ಟಾದ ಟ್ರಿಬ್ಯೂನಲ್‌ಗೆ ಕೊಡಬೇಕು. ಇದು ಗೊತ್ತಿದ್ದರೆ ಠಾಣೆಯಲ್ಲಿ ಕೇಳುವ ಧೈರ್ಯ ಬರುತ್ತದೆ. ನಾನು ಮೊದಮೊದಲು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. "ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ" ಅನ್ನುತ್ತಿದ್ದರು. "ಡೀಟೇಲ್ಡ್ ರಿಪೋರ್ಟ್ ಹಾಕಿದ್ರಾ ಸಾರ್, ಯಾವ ತಾರೀಕಿಗೆ ಹಾಕಿದ್ರಿ?" ಅಂತ ಹೆಸರು ಹಿಡಿದು ಕೇಳಲು ಶುರು ಮಾಡಿದ ಮೇಲೆ ಕೂರಿಸಿ ಮಾತಾಡಿಸಿದರು.

ಕಾಗದ ಕೈಗೆ ಬಂದ ದಿನವೇ ಒಂದೊಂದು ಸಾಲನ್ನೂ ಓದಿ. ಅಳು ಬರುತ್ತದೆ. ಪೋಸ್ಟ್‌ಮಾರ್ಟಂ ವರದಿಯನ್ನಂತೂ ನಾನು ಮೊದಲ ಸಲ ಪೂರ್ತಿ ಓದಲಾಗದೆ ಮಡಚಿಟ್ಟೆ. ಆದರೂ ಓದಲೇಬೇಕು. ನಮ್ಮ ವರದಿಯಲ್ಲಿ ವಯಸ್ಸಿನ ಜಾಗದಲ್ಲಿ "ಸುಮಾರು 45" ಅಂತ ಬರೆದಿದ್ದರು. ಆಸ್ಪತ್ರೆಗೆ ಸೇರಿಸುವಾಗ ಜೊತೆಗಿದ್ದ ಯಾರೋ ಅಂದಾಜಿನಲ್ಲಿ ಹೇಳಿದ್ದು ಶವ ಮಹಜರಿಗೂ ಹೋಗಿ, ಅಲ್ಲಿಂದ ಇಲ್ಲಿಗೂ ಬಂದಿತ್ತು. ಏಳು ವರ್ಷದ ವ್ಯತ್ಯಾಸ ಪರಿಹಾರದಲ್ಲಿ ಲಕ್ಷಗಟ್ಟಲೆ ಆಗುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ. ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಟ್ರಂಕಿನಲ್ಲಿತ್ತು. ಹುಟ್ಟಿದ ತಾರೀಕಿಗೆ ಅದಕ್ಕಿಂತ ಗಟ್ಟಿ ದಾಖಲೆ ನಮ್ಮ ಹತ್ತಿರ ಇರಲಿಲ್ಲ. ಕೋರ್ಟು ಕೊನೆಗೆ ಅದನ್ನೇ ಒಪ್ಪಿತು. ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ತೆಗೆದಿಡಿ. ಇಲ್ಲದಿದ್ದರೆ ಓದಿದ ಶಾಲೆಯಿಂದ ದಾಖಲಾತಿಯ ಪ್ರಮಾಣಪತ್ರ ತಗೊಳ್ಳಿ.

ಇನ್ನು ಅರ್ಜಿ ಹಾಕುವ ಗಡುವು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ, 2022ರ ಏಪ್ರಿಲ್ 1ರಿಂದ, ಅಪಘಾತವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಇದೆ. ಮೊದಲು ಹೀಗಿರಲಿಲ್ಲ. "ಅವಸರ ಏನೂ ಇಲ್ಲ, ವರ್ಷ ಬಿಟ್ಟು ಹಾಕಿದರೂ ನಡೆಯುತ್ತೆ" ಅಂತ ಹಿರಿಯರು ಹೇಳುವುದು ಹಳೇ ಕಾಲದ ಮಾತು. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೂ ಅರ್ಜಿಗಳು ಹೋಗಿವೆ. ಹಾಗಾಗಿ ಯಾರಿಗಾದರೂ ಈಗಾಗಲೇ ತಡವಾಗಿದ್ದರೆ ಕೈಬಿಡಬೇಡಿ, ವಕೀಲರನ್ನು ಕೇಳಿ. ಆದರೆ ಸಮಯ ಇರುವವರು ಆರು ತಿಂಗಳನ್ನು ದಾಟಿಸಬೇಡಿ. ಕೇಸನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕು ಅಂತಿಲ್ಲ. ನೀವು ವಾಸವಿರುವ ಕಡೆಯ ಟ್ರಿಬ್ಯೂನಲ್‌ನಲ್ಲೂ ಹಾಕಬಹುದು. ನಮಗೆ ಬಸ್ಸಿನ ಖರ್ಚು, ಅತ್ತೆಯನ್ನು ಕರೆದುಕೊಂಡು ಓಡಾಡುವ ಕಷ್ಟ ಎರಡೂ ಇದರಿಂದ ಉಳಿಯಿತು.

ವಕೀಲರ ವಿಷಯ. ಕೆಲವರು ಬರುವ ಹಣದಲ್ಲಿ ಇಷ್ಟು ಪರ್ಸೆಂಟ್ ಅಂತ ಕೇಳಿದರು. ಕೇಸಿನ ಫಲಿತಾಂಶದ ಮೇಲೆ ಫೀಸು ಗೊತ್ತು ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ನಾವು ಒಪ್ಪಿದ ವಕೀಲರು ಒಂದು ಮೊತ್ತ ಹೇಳಿದರು, ಕಂತಿನಲ್ಲಿ ಕೊಡಿ ಅಂದರು. ಅದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಅಷ್ಟೂ ಆಗದವರು ಇದನ್ನು ನೆನಪಿಡಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಬಾಕಿ ಖರ್ಚು ಅಂದರೆ ಜೆರಾಕ್ಸು, ನೋಟರಿ, ದೃಢೀಕೃತ ಪ್ರತಿಗಳು, ಓಡಾಟ. ಒಂದೊಂದೂ ಸಣ್ಣದೇ, ಆದರೆ ಸಂಪಾದಿಸುವವರು ಇಲ್ಲದ ಮನೆಗೆ ಅದೂ ಭಾರವೇ.

ಮನೆ ಕಡೆಯ ಕಾಗದಗಳಲ್ಲಿ ಮರಣ ಪ್ರಮಾಣಪತ್ರ ಬೇಗ ಸಿಕ್ಕಿತು. ವಂಶವೃಕ್ಷಕ್ಕೆ ನಾಡಕಚೇರಿ ಸುತ್ತಬೇಕಾಯಿತು. ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ವಿಚಾರಿಸಿದರು. ಅಲ್ಲಿ ಎದ್ದ ತೊಡಕು ಹೆಸರಿನದು. ಅತ್ತೆಯ ಹೆಸರು ಆಧಾರ್‌ನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ನಮ್ಮ ಮನೆಯವರ ಇನಿಷಿಯಲ್ ಡಿಎಲ್‌ನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಮುಂದೆ. ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿದೆವು. ಅತ್ತೆಯ ಆಧಾರ್‌ ಅನ್ನೂ ಆಗಲೇ ತಿದ್ದಿಸಿದೆವು. ಹಣ ಬರುವ ಹೊತ್ತಿಗೆ ಬ್ಯಾಂಕಿನಲ್ಲಿ ಇದೇ ತಕರಾರು ಎದ್ದು ನಿಂತಿರುವ ಬೇರೆಯವರನ್ನು ನೋಡಿ, ಅದನ್ನು ಮೊದಲೇ ಮುಗಿಸಿದ್ದು ಒಳ್ಳೆಯದಾಯಿತು ಅನಿಸಿತು.

ಎಲ್ಲಕ್ಕಿಂತ ಹೆಚ್ಚು ಬೆವರಿಳಿಸಿದ್ದು ಆದಾಯದ ದಾಖಲೆ. ಅವರಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು ಏನೇ ಬಂದರೂ ಹಳೇ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದರು. ಸಂಬಳದ ಚೀಟಿ ಇಲ್ಲ, ಇನ್‌ಕಮ್ ಟ್ಯಾಕ್ಸ್ ಕಟ್ಟುವಷ್ಟು ಆದಾಯವೂ ಇರಲಿಲ್ಲ. ಈಗ ರಿಟರ್ನ್ಸ್ ಹಾಕಿಬಿಡೋಣ ಅಂತ ಒಬ್ಬರು ಸಲಹೆ ಕೊಟ್ಟರು. ವಕೀಲರು ಬೇಡ ಅಂದರು. ಸಾವಿನ ನಂತರ ಹಾಕಿದ ರಿಟರ್ನ್ಸನ್ನು ಕೋರ್ಟು ಅನುಮಾನದಿಂದಲೇ ನೋಡುತ್ತದೆ. "ಅವರ ಕೈಬರಹದಲ್ಲಿ ಏನಿದೆ ಹುಡುಕಿ ಅಮ್ಮಾ" ಅಂದರು.

ಅಂಗಡಿಯ ಬಾಗಿಲು ಆ ರಾತ್ರಿ ಮುಚ್ಚಿದ್ದು ಹಾಗೇ ಇತ್ತು. ತೆರೆದಾಗ ವಾರ್ನಿಷ್ ವಾಸನೆ ಮುಖಕ್ಕೆ ಹೊಡೆಯಿತು. ಮೇಜಿನ ಖಾನೆಯಲ್ಲಿ ಉದ್ದ ನೋಟ್‌ಬುಕ್ಕುಗಳು ಸಿಕ್ಕವು. ಒಂದೊಂದು ಕೆಲಸಕ್ಕೆ ಒಂದೊಂದು ಸಾಲು. ತಾರೀಕು, ಮೋಟಾರು ತಂದವರ ಹೆಸರು, ಎಷ್ಟು ಎಚ್‌ಪಿ, ತಂತಿಯ ಗೇಜು, ಎಷ್ಟು ಕೆಜಿ ಹಿಡಿಯಿತು, ಮಜೂರಿ, ಬಾಕಿ. ಬಾಕಿ ತೀರಿದ ಸಾಲಿನ ಮೇಲೆ ಕೆಂಪು ಪೆನ್ನಿನ ಗೆರೆ. ತೀರಿಕೊಂಡ ದಿನದ ಪುಟದಲ್ಲಿ ಎರಡು ಸಾಲು ಇದ್ದವು, ಎರಡಕ್ಕೂ ಗೆರೆ ಬಿದ್ದಿರಲಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ತುಂಬಾ ಹೊತ್ತು ಕೂತುಬಿಟ್ಟೆ.

ಆ ನೋಟ್‌ಬುಕ್ಕುಗಳ ಜೊತೆಗೆ ತಂತಿ ತಂದ ಬಿಲ್ಲುಗಳು, ಪಂಚಾಯಿತಿಯ ವ್ಯಾಪಾರ ಲೈಸೆನ್ಸು, ಅಂಗಡಿಯ ಕರೆಂಟ್ ಬಿಲ್ಲು, ಯುಪಿಐ ಹಣ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟು, ಬೈಕ್ ಸಾಲದ ಕಂತು ತಪ್ಪದೆ ಕಟ್ಟಿದ ದಾಖಲೆ ಎಲ್ಲಾ ಕೊಟ್ಟೆವು. ತಂತಿ ಮಾರುವವರು ಸಾಕ್ಷಿಗೆ ಬರಲು ಒಪ್ಪಿದರು. ಏನೂ ದಾಖಲೆ ಇಲ್ಲದಿದ್ದರೂ ಪರಿಹಾರ ಸಿಗುತ್ತದೆ. ಲೋಕ ಅದಾಲತ್‌ಗಳಿಗೆ ಅಂತ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಅಂದಾಜು ಆದಾಯದ ಪಟ್ಟಿ ಮಾಡಿದೆ, ಕೋರ್ಟುಗಳೂ ಅದನ್ನು ಅನುಸರಿಸುತ್ತವೆ. ಆದರೆ ಅದಕ್ಕಿಂತ ಜಾಸ್ತಿ ದುಡಿಯುತ್ತಿದ್ದರು ಅಂತ ತೋರಿಸಬೇಕಾದವರು ನಾವೇ.

ಇದರ ನಡುವೆ ಬೇರೆ ಕಡೆಯಿಂದ ಬರಬೇಕಾದ ಹಣವನ್ನೂ ಹುಡುಕಿ. ತೀರಿಕೊಂಡವರು ತಮ್ಮದೇ ಗಾಡಿ ಓಡಿಸುತ್ತಿದ್ದರೆ, ಆ ಗಾಡಿಯ ವಿಮೆಯಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಇದೆಯೇ ನೋಡಿ. ಇದ್ದರೆ 15 ಲಕ್ಷ ರೂಪಾಯಿ, ಕೋರ್ಟಿಗೆ ಹೋಗದೆ ಆ ಕಂಪನಿಗೇ ಅರ್ಜಿ ಕೊಡಬೇಕು. ನಮ್ಮ ಪಾಲಿಸಿಯಲ್ಲಿ ಆ ಸಾಲು ಇರಲಿಲ್ಲ. ಆದರೆ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾದದ್ದು ಕಾಣಿಸಿತು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದ ಸಾವಿಗೆ 2 ಲಕ್ಷ. ಬ್ಯಾಂಕಿನಲ್ಲಿ ಫಾರ್ಮ್ ತುಂಬಿ ಕೊಟ್ಟೆವು. ಕೇಸು ನಡೆಯುವಾಗ ಮನೆ ನಡೆದದ್ದು ಆ ಹಣದಲ್ಲಿ. ಪಿಎಫ್ ಇದ್ದವರು ಅದರ ಜೊತೆಗಿನ ಇಡಿಎಲ್‌ಐ ವಿಮೆಯನ್ನೂ ಕೇಳಿ.

ಅರ್ಜಿ ದಾಖಲಾಯಿತು. ನಾನು, ಇಬ್ಬರು ಮಕ್ಕಳು, ಅತ್ತೆ ಅರ್ಜಿದಾರರು. ಲಾರಿ ಮಾಲೀಕರು, ವಿಮಾ ಕಂಪನಿ ಎದುರುದಾರರು. ನೋಟಿಸು ತಲುಪುವುದಕ್ಕೇ ತಿಂಗಳುಗಳು ಹೋದವು. ಮಾಲೀಕರು ಬರಲೇ ಇಲ್ಲ. ವಿಮಾ ಕಂಪನಿ ತಕರಾರು ಸಲ್ಲಿಸಿತು. ಅದನ್ನು ಓದಿದ ರಾತ್ರಿ ನಾನು ಮಲಗಲಿಲ್ಲ. ಬೈಕ್ ಸವಾರನೇ ಅಜಾಗರೂಕತೆಯಿಂದ ಓಡಿಸುತ್ತಿದ್ದರು, ಹೆಲ್ಮೆಟ್ ಇರಲಿಲ್ಲ, ಆದಾಯ ಇರಲಿಲ್ಲ, ಅರ್ಜಿದಾರರು ಅವರನ್ನು ಅವಲಂಬಿಸಿರಲಿಲ್ಲ ಅಂತೆಲ್ಲಾ ಇತ್ತು. ಸತ್ತವರ ಮೇಲೆ ಇಷ್ಟು ಸುಳ್ಳು ಹೇಗೆ ಬರೆಯುತ್ತಾರೆ ಅಂತ ಸಂಕಟವಾಯಿತು. ಎಲ್ಲಾ ಕೇಸಿನಲ್ಲೂ ಹೆಚ್ಚುಕಡಿಮೆ ಇದೇ ತಕರಾರು ಇರುತ್ತದೆ ಅಂತ ವಕೀಲರು ಬೇರೆ ಫೈಲು ತೆಗೆದು ತೋರಿಸಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ನಿಮಗೂ ಅಂಥದ್ದು ಬಂದರೆ ಎದೆಗೆ ಹಚ್ಚಿಕೊಳ್ಳಬೇಡಿ.

ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರು. ಕಂಪನಿಯವರು 18 ಲಕ್ಷ ಕೊಡುತ್ತೇವೆ ಅಂದರು. ಅತ್ತೆ ನನ್ನ ಕೈ ಹಿಡಿದು "ತಗೊಂಡುಬಿಡೋಣ ಕಣವ್ವಾ, ಈ ಕೋರ್ಟು ಸಾಕು" ಅಂದರು. ಮಕ್ಕಳ ಫೀಸು ಬಾಕಿ ಇತ್ತು. ನನಗೂ ಹೂಂ ಅನ್ನುವ ಮನಸ್ಸೇ ಆಗಿತ್ತು. ನಮ್ಮ ವಕೀಲರು ಅವರ ಲೆಕ್ಕದ ಹಾಳೆ ತೋರಿಸಿ ಅಂತ ಕೇಳಿ ತಂದರು, ಪೆನ್ಸಿಲಿನಲ್ಲಿ ನನಗೆ ಬಿಡಿಸಿ ಹೇಳಿದರು. ಅದನ್ನು ನಿಮಗೂ ಹೇಳುತ್ತೇನೆ.

ತಿಂಗಳ ಆದಾಯ ಎಷ್ಟು ಅಂತ ಮೊದಲು ಗೊತ್ತು ಮಾಡುತ್ತಾರೆ. ಅದಕ್ಕೆ ಮುಂದೆ ಹೆಚ್ಚಬಹುದಾಗಿದ್ದ ದುಡಿಮೆಯ ಪಾಲು ಸೇರಿಸಬೇಕು. 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ ಸ್ವಂತ ಕೆಲಸದವರಿಗೆ 40 ವರ್ಷದೊಳಗಾದರೆ ಶೇ 40, 40ರಿಂದ 50ಕ್ಕೆ ಶೇ 25, 50ರಿಂದ 60ಕ್ಕೆ ಶೇ 10. ಕಾಯಂ ನೌಕರಿಯವರಿಗೆ ಇದು ಶೇ 50, 30, 15. ಆಮೇಲೆ ಅವರ ಸ್ವಂತ ಖರ್ಚು ಅಂತ ಕಳೆಯುತ್ತಾರೆ. ಅವಲಂಬಿತರು ಇಬ್ಬರು, ಮೂವರು ಇದ್ದರೆ ಮೂರರಲ್ಲಿ ಒಂದು ಪಾಲು, ನಾಲ್ಕರಿಂದ ಆರು ಜನ ಇದ್ದರೆ ನಾಲ್ಕರಲ್ಲಿ ಒಂದು ಪಾಲು. ಮದುವೆಯಾಗದವರಾದರೆ ಸಾಮಾನ್ಯವಾಗಿ ಅರ್ಧ. ಉಳಿದದ್ದನ್ನು 12ರಿಂದ ಗುಣಿಸಿ, ವಯಸ್ಸಿನ ಗುಣಕದಿಂದ ಇನ್ನೊಮ್ಮೆ ಗುಣಿಸುತ್ತಾರೆ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಆ ಪಟ್ಟಿ ಇದೆ: 26-30ಕ್ಕೆ 17, 31-35ಕ್ಕೆ 16, 36-40ಕ್ಕೆ 15, 41-45ಕ್ಕೆ 14, 46-50ಕ್ಕೆ 13, 51-55ಕ್ಕೆ 11, 56-60ಕ್ಕೆ 9.

ಕಂಪನಿಯವರು ತಿಂಗಳಿಗೆ 12,000 ಹಿಡಿದು, ಕಾಲು ಭಾಗ ಕಳೆದು, 15ರಿಂದ ಗುಣಿಸಿ 16 ಲಕ್ಷ 20 ಸಾವಿರ ಮಾಡಿದ್ದರು. ಮೇಲೆ ಸಣ್ಣಪುಟ್ಟ ಬಾಬ್ತು ಸೇರಿಸಿ 18 ಲಕ್ಷ. ಶೇ 40 ಸೇರಿಸುವ ಸಾಲೇ ಹಾಳೆಯಲ್ಲಿ ಇರಲಿಲ್ಲ. ಅವರದೇ 12,000 ಒಪ್ಪಿದರೂ ಆ ಒಂದು ಸಾಲಿಗೆ 6 ಲಕ್ಷ 48 ಸಾವಿರ ಜಾಸ್ತಿ ಆಗುತ್ತಿತ್ತು. ಅದನ್ನು ನೋಡಿದ ಮೇಲೆ ಅತ್ತೆಯೇ "ಬೇಡ, ನಡಿ" ಅಂದರು. ಲೋಕ ಅದಾಲತ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಣ ಬೇಗ ಬರುತ್ತದೆ. ಆದರೆ ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. ಲೆಕ್ಕದ ಹಾಳೆ ನೋಡದೆ ಸಹಿ ಹಾಕಬೇಡಿ.

ಸಾಕ್ಷಿಯ ದಿನ. ನಮ್ಮ ಹೇಳಿಕೆಯನ್ನು ಅಫಿಡವಿಟ್ ರೂಪದಲ್ಲಿ ಮೊದಲೇ ಕೊಟ್ಟಿರುತ್ತೇವೆ. ಕಟಕಟೆಯಲ್ಲಿ ನಡೆಯುವುದು ಪಾಟೀಸವಾಲು, ಅಂದರೆ ಎದುರು ಕಡೆಯ ವಕೀಲರ ಪ್ರಶ್ನೆಗಳು. "ನಿಮ್ಮ ಗಂಡನಿಗೆ ತಿಂಗಳಿಗೆ 6,000ಕ್ಕಿಂತ ಹೆಚ್ಚು ಆದಾಯ ಇರಲಿಲ್ಲ ಎಂದರೆ ಸರಿಯೇ?" ಅಂತ ಕೇಳಿದರು. ಸರಿಯಲ್ಲ ಅಂದೆ. "ಈ ಪುಸ್ತಕಗಳನ್ನು ಕೇಸಿಗಾಗಿ ಬರೆಸಿದ್ದೀರಿ ಎಂದರೆ ಸರಿಯೇ?" ನನಗೆ ಗಂಟಲು ಕಟ್ಟಿತು. ನ್ಯಾಯಾಧೀಶರು ನೀರು ಕುಡಿಯಿರಿ ಅಂದರು. ಸರಿಯಲ್ಲ ಅಂತಷ್ಟೇ ಹೇಳಿದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ನಾನು ಅಪಘಾತ ನೋಡಿರಲಿಲ್ಲ, ಹಾಗೇ ಹೇಳಿದೆ. ನೋಡಿದ್ದ ಆ ಹುಡುಗ ಬಂದು ಹೇಳಿದ. ಕೋರ್ಟು ಅಂದರೆ ಅವನ ಮನೆಯವರಿಗೆ ಭಯ ಇತ್ತು. ಮೈದುನ ಅವರ ಮನೆಗೆ ಹೋಗಿ ಮಾತಾಡಿ, ಆ ದಿನ ಜೊತೆಯಲ್ಲೇ ಕರೆದುಕೊಂಡು ಬಂದ. ಆ ಹುಡುಗನ ಋಣ ನಮ್ಮ ಮೇಲೆ ಇದೆ.

ಕೊನೆಗೆ ಒಂದು ಹೊಸ ತೊಡಕು. ಚಾಲಕನ ಹತ್ತಿರ ಇದ್ದದ್ದು ಬರೀ ಹಗುರ ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸು, ಸರಕು ಗಾಡಿಗೆ ಅದು ಸಾಲದು, ಆದ್ದರಿಂದ ನಾವು ಹಣ ಕಟ್ಟುವುದಿಲ್ಲ ಅಂತ ಕಂಪನಿ ವಾದಿಸಿತು. ಮಾಲೀಕರು ಕೋರ್ಟಿಗೇ ಬಾರದವರು, ಅವರಿಂದ ನಾವು ವಸೂಲಿ ಮಾಡುವುದುಂಟೇ? ನನ್ನ ಕೈಕಾಲು ತಣ್ಣಗಾಯಿತು. ಅದೇ ಹೊತ್ತಿಗೆ, 2024ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನಲ್ಲಿ ಓಡಿಸಬಹುದು ಅಂತ. ಲಾರಿಯ ಆರ್‌ಸಿಯಲ್ಲಿ ತೂಕ ಅದಕ್ಕಿಂತ ಕಡಿಮೆ ಇತ್ತು. ಆ ವಾದ ಅಲ್ಲಿಗೇ ಬಿತ್ತು.

2025ರಲ್ಲಿ ತೀರ್ಪು ಬಂತು. ನಾವು 25,000 ಕೇಳಿದ್ದೆವು, ಕೋರ್ಟು ಆದಾಯ 18,000 ಅಂತ ಹಿಡಿಯಿತು. ಶೇ 40 ಸೇರಿ 25,200. ಕಾಲು ಭಾಗ ಕಳೆದು 18,900. ಅದನ್ನು 12ರಿಂದ, ಆಮೇಲೆ 15ರಿಂದ ಗುಣಿಸಿದರೆ 34 ಲಕ್ಷ 2 ಸಾವಿರ. ಪೋಸ್ಟ್‌ಮಾರ್ಟಂ ವರದಿಯ 45ನ್ನೇ ಒಪ್ಪಿದ್ದರೆ ಶೇ 25, ಗುಣಕ 14 ಆಗಿ 28 ಲಕ್ಷ 35 ಸಾವಿರಕ್ಕೆ ಇಳಿಯುತ್ತಿತ್ತು. ಇದರ ಮೇಲೆ ಸಾಂಗತ್ಯ ಕಳೆದುಕೊಂಡದ್ದಕ್ಕೆ ನಾಲ್ವರಿಗೂ ತಲಾ 48,400, ಅಂತ್ಯಕ್ರಿಯೆ ಮತ್ತು ಆಸ್ತಿ ನಷ್ಟಕ್ಕೆ 18,150ರಂತೆ. 2017ರಲ್ಲಿ ಇವು 40,000 ಮತ್ತು 15,000 ಇದ್ದವು, ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತವೆ. ಎಲ್ಲಾ ಸೇರಿ 36 ಲಕ್ಷ ಚಿಲ್ಲರೆ, ಅರ್ಜಿ ಹಾಕಿದ ದಿನದಿಂದ ಶೇ 6 ಬಡ್ಡಿ. ವರಾಂಡಕ್ಕೆ ಬಂದ ಮೇಲೆ ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಸಂತೋಷಕ್ಕೆ ಅಂತ ನೋಡಿದವರು ಅಂದುಕೊಂಡಿರಬಹುದು. ಮಗನ ಹೆಸರನ್ನು "ಮೃತ" ಅಂತ ಸೇರಿಸಿ ಓದಿದ್ದನ್ನು ಅವರಿಗೆ ತಡೆಯಲಾಗಿರಲಿಲ್ಲ.

ಕಂಪನಿ 30 ದಿನದಲ್ಲಿ ಹಣ ಕಟ್ಟಬೇಕು ಅಂತ ಕಾಯ್ದೆಯಲ್ಲಿದೆ. ನಮ್ಮ ಕೇಸಿನಲ್ಲಿ ಕಟ್ಟಲಿಲ್ಲ. ಹೈಕೋರ್ಟಿಗೆ ಅಪೀಲು ಹೋಗಲು ಎರಡೂ ಕಡೆಗೆ 90 ದಿನ ಇರುತ್ತದೆ, ಆ ದಿನಗಳೆಲ್ಲಾ ನಮಗೆ ಆತಂಕವೇ. ಅಪೀಲು ಆಗಲಿಲ್ಲ. ವಸೂಲಿಗೆ ಎಕ್ಸಿಕ್ಯೂಷನ್ ಅರ್ಜಿ ಹಾಕಿದ ಮೇಲೆ ಕಟ್ಟಿದರು. ಪ್ಯಾನ್ ಕಾರ್ಡ್ ಎಲ್ಲರಿಗೂ ಮಾಡಿಸಿಡಿ, ನಮಗೆ ಹಣ ಬಂದಾಗ ಪರಿಹಾರದ ಬಡ್ಡಿಯ ಮೇಲೆ ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಇತ್ತು.

ಪೂರ್ತಿ ಹಣ ಒಟ್ಟಿಗೆ ಕೈಗೆ ಬರುವುದಿಲ್ಲ. ಮಕ್ಕಳ ಪಾಲು ಅವರಿಗೆ 18 ತುಂಬುವವರೆಗೆ ಎಫ್‌ಡಿಯಲ್ಲಿ ಇರುತ್ತದೆ. ನನ್ನ ಪಾಲಿನ ಒಂದು ಭಾಗವನ್ನೂ ಕೆಲವು ವರ್ಷಕ್ಕೆ ಎಫ್‌ಡಿ ಮಾಡಿಸಿದರು. ಮೊದಲು ಬೇಸರವಾಯಿತು. ಆದರೆ ತೀರ್ಪಿನ ಸುದ್ದಿ ಹಬ್ಬಿದ ವಾರದಲ್ಲೇ ಸಾಲ ಕೇಳಿಕೊಂಡು ಬಂದವರನ್ನು ನೋಡಿ, ಅದು ಮುಟ್ಟಲಾಗದ ಕಡೆ ಇರುವುದೇ ಸರಿ ಅನಿಸಿತು. ಓದು, ಚಿಕಿತ್ಸೆಗೆ ನಿಜವಾಗಿ ಬೇಕಾದರೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿ ಮಧ್ಯದಲ್ಲಿ ತೆಗೆಯಬಹುದು. ಅತ್ತೆಯ ಪಾಲು ಅವರ ಹೆಸರಿನಲ್ಲೇ ಬೇರೆ ಇದೆ. ಅದರ ಬಗ್ಗೆ ಮನೆಯಲ್ಲಿ ಮಾತು ಬಂದಾಗ, ಕೋರ್ಟು ಬರೆದದ್ದು ಹಾಗೇ ಇರಲಿ ಅಂತ ನಾನೇ ಹೇಳಿದೆ. ಆ ಎಫ್‌ಡಿಯ ಬಡ್ಡಿ ತಿಂಗಳು ತಿಂಗಳು ಅವರ ಉಳಿತಾಯ ಖಾತೆಗೆ ಬರುವ ಹಾಗೆ ಬರೆಸಿದ್ದೇವೆ, ಔಷಧಿಗೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಹೀಗೆ ತಿಂಗಳ ಬಡ್ಡಿ ಬೇಕಾದರೆ ಎಫ್‌ಡಿ ಮಾಡಿಸುವಾಗಲೇ ಹೇಳಬೇಕು, ತೀರ್ಪಿನಲ್ಲಿ ಬಡ್ಡಿ ತೆಗೆಯಲು ಅನುಮತಿ ಇದೆ ಅನ್ನುವ ಸಾಲಿಗೆ ಗುರುತು ಹಾಕಿ ಬ್ಯಾಂಕಿನವರಿಗೆ ತೋರಿಸಿ.